ಹುಳದ ಮನೆ ಬಾಗಿಲಲ್ಲಿ ಕೇಳೋ ಮಾತು

ನನ್ನ ಮಗಳನ್ನ ಕಂಡ್ರೆ ನನಗೆ ಹೆಮ್ಮೆ. ನಾಲ್ಕು ಜನದ ಮುಂದೆ ನಿಂತು ಹೇಳೋವಷ್ಟು ಹೆಮ್ಮೆ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮದು ಕೈಲಾಂಚದ ಹತ್ತಿರ ಒಂದು ಹಳ್ಳಿ, ರೇಷ್ಮೆಹುಳ ಸಾಕೋ ಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ಯೋದು, ಹೊರೋದು, ಹೊತ್ತೊತ್ತಿಗೆ ಹುಳಕ್ಕೆ ಹಾಕೋದು, ತಟ್ಟೆಯ ಕಸ ತೆಗೆಯೋದು, ಎಲ್ಲಾ ಹೆಂಗಸರೇ. ಗೂಡು ಕಟ್ಟಿದ ಮೇಲೆ ರಾಮನಗರದ ಮಾರ್ಕೆಟ್ಟಿಗೆ ಹೋಗೋದು ಮಾತ್ರ ಗಂಡಸರು. ಅದಕ್ಕೇ ಊರಲ್ಲಿ 'ರೇಷ್ಮೆ ಮಾಡೋರು' ಅಂದ್ರೆ ನನ್ನ ಗಂಡ. ನನ್ನ ವಿಷಯ ಕೇಳಿದ್ರೆ 'ಮನೇಲೇ ಅವ್ರೆ' ಅಂತಾರೆ.

ಹುಳ ಹಾಳಾದಾಗ ಮಾತ್ರ ಹೆಂಗಸಿನ ಹೆಸರು ಮೊದಲು ಬರುತ್ತೆ. ಮುಟ್ಟಾದವಳು ಹುಳದ ಮನೆ ಹೊಕ್ಕರೆ ಮೈಲಿಗೆ ತಗುಲಿ ಹುಳ ಸಾಯ್ತವೆ ಅನ್ನೋದು ನಮ್ಮ ಕಡೆ ನಂಬಿಕೆ. ನಾನು ಮದುವೆಯಾಗಿ ಬಂದ ವರ್ಷವೇ ಒಂದು ಬೆಳೆ ಪೂರ್ತಿ ಸತ್ತುಹೋಯ್ತು. ಮಳೇಲಿ ನೆಂದ ಸೊಪ್ಪು ಹಾಕಿದ್ವಿ. ಅವತ್ತೊಂದು ದಿನ ಸೊಪ್ಪು ಕೊಯ್ದು ತಂದಿದ್ದು ನನ್ನ ಗಂಡ, ಬೈಸಿಕೊಂಡಿದ್ದು ನಾನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ನಾನು ಆ ವಾರ ಹೊರಗಾಗಿರಲೇ ಇಲ್ಲ. ಹೇಳಿದ್ರೆ ಕೇಳೋರು ಯಾರು? ನಮ್ಮತ್ತೆ ಬೀದಿಗೆಲ್ಲ ಸಾರಿದ್ರು. ನಲ್ಲಿ ಹತ್ತಿರ ಬಿಂದಿಗೆ ಇಟ್ಟರೆ 'ಹುಳ ತಿಂದೋಳು ಬಂದ್ಲು' ಅಂತ ಪಿಸಪಿಸ ಅನ್ನೋರು. ಎಷ್ಟೋ ವರ್ಷ ಹಂಗೇ ಅಂದ್ರು.

ಅವತ್ತಿಂದ ಅತ್ತೆ ಬಾಗಿಲಲ್ಲೇ ನಿಂತು, ಒಳಗೆ ಹೋಗೋ ಒಬ್ಬೊಬ್ಬ ಹೆಂಗಸನ್ನೂ ಕೇಳೋರು, "ಹೊರಗಾಗಿಲ್ಲ ತಾನೆ?" ಕೂಲಿಗೆ ಬಂದೋರನ್ನೂ ಬಿಡ್ತಿರಲಿಲ್ಲ. ಎಲ್ಲರೂ "ಇಲ್ಲ ಕಣವ್ವ" ಅಂತ ಒಳಕ್ಕೆ ಹೋಗೋರು.

ಮಗಳು ರಾಮನಗರದಲ್ಲಿ ಡಿಗ್ರಿ ಓದ್ತಾಳೆ, ಸಮಾಜಶಾಸ್ತ್ರ. ಅವರ ಮೇಡಮ್ಮು, ನಿಮ್ಮನೇಲಿ ಹೆಣ್ಣಿನ ಕೆಲಸ ಯಾವುದು, ಗಂಡಿನದು ಯಾವುದು, ಅದನ್ನ ಗೊತ್ತು ಮಾಡಿದೋರು ಯಾರು, ಬರ್ಕೊಂಡು ಬನ್ನಿ ಅಂದಿದ್ರಂತೆ. ಇವಳು ನೋಟ್‌ಬುಕ್ ಹಿಡಿದು ನನ್ನ ಹಿಂದೆ ಬಿದ್ಲು. ಒಂದಿನ ಕೇಳಿದ್ಲು, "ಅಮ್ಮ, ಅಜ್ಜಿ ಇಷ್ಟು ವರ್ಷದಿಂದ ಕೇಳ್ತಾ ಐತಲ್ಲ, ಯಾರಾದ್ರೂ ಒಬ್ರು ಹೂಂ ಅಂದಿದ್ದು ಐತಾ?"

ಯೋಚನೆ ಮಾಡಿದೆ. ಇಲ್ಲ, ಒಬ್ಬರೂ ಅಂದಿಲ್ಲ.

"ಅಷ್ಟೊಂದು ಜನದಲ್ಲಿ ಒಬ್ರಿಗೂ ಆ ದಿನ ಬಂದಿರ್ಲಿಲ್ವಾ?"

ಹೂಂ ಅಂದ್ರೆ ಅವತ್ತಿನ ಕೂಲಿ ಹೋಯ್ತು, ಯಾರು ತಾನೆ ಅಂತಾರೆ? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ ನೋಡಿ. ಮುಟ್ಟಾದೋರ ಕೈಯಲ್ಲೇ ನಮ್ಮ ಬೆಳೆ ಎಷ್ಟು ಸಲ ಚೆನ್ನಾಗಿ ಬಂದಿತ್ತೋ! ನಾನು ಮಾತ್ರ ತಿಂಗಳು ತಿಂಗಳು ಜಗಲಿ ಕಾಯ್ತಾ ಕೂತಿದ್ದೆ. ನನ್ನ ದಡ್ಡತನಕ್ಕೆ ನನಗೇ ರೇಗಿಹೋಯ್ತು.

ಹೋದ ಬೇಸಿಗೇಲಿ ಬಿಸಿಲಿನ ಝಳಕ್ಕೆ ಹುಳ ಒಂದು ದಿನ ಮೊದಲೇ ಹಣ್ಣಾದವು, ಗೂಡು ಕಟ್ಟೋ ಹದಕ್ಕೆ ಬಂದವು. ಹಣ್ಣಾದ ಹುಳ ಯಾರಿಗೂ ಕಾಯಲ್ಲ. ಕೂಡಲೇ ಆರಿಸಿ ಗೂಡು ಕಟ್ಟಿಸೋ ಬಿದಿರಿನ ತಟ್ಟಿ, ಚಂದ್ರಿಕೆ ಮೇಲೆ ಬಿಡದಿದ್ರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಹಾಳಾಗ್ತವೆ. ಕೂಲಿಯೋರಿಗೆ ನಾಳೆ ಬನ್ನಿ ಅಂದಿದ್ವಿ, ಕರೆದಾಗ ಸಿಕ್ಕಿದ್ದು ಮೂರೇ ಜನ. ನನ್ನ ಗಂಡ ಬಾಡಿಗೆ ಚಂದ್ರಿಕೆ ತರೋಕೆ ಹೋಗಿದ್ರು. ಮಗಳು ಜಗಲಿ ಮೇಲೆ ಕೂತಿದ್ಲು, ಅವಳಿಗೆ ಅವತ್ತು ಎರಡನೇ ದಿನ.

ನಾವು ಒದ್ದಾಡೋದನ್ನ ಒಸಿ ಹೊತ್ತು ನೋಡಿ, ಎದ್ದು ಸೋಪು ಹಾಕಿ ಕೈ ತೊಳ್ಕೊಂಡು ಬಾಗಿಲಿಗೆ ಬಂದ್ಲು. ಅತ್ತೆ ಎರಡೂ ಕೈ ಅಡ್ಡ ಚಾಚಿದ್ರು.

"ನೀನು ಹೊರಗಾಗಿದ್ದೀಯ ಕಣೆ!"

"ಹೂಂ ಅಜ್ಜಿ, ಆಗಿವ್ನಿ. ಸುಳ್ಳು ಹೇಳಕಿಲ್ಲ. ಆದ್ರೂ ಬತ್ತೀನಿ."

ಎಲ್ಲರೂ ನನ್ನ ಮುಖ ನೋಡಿದ್ರು. ಹುಳ ಹೋದ್ರೆ ಇನ್ನೊಂದು ಬೆಳೆ ಮಾಡಬಹುದು. ಆದ್ರೆ ಹೆಚ್ಚುಕಮ್ಮಿ ಆಗಿ 'ಹುಳ ತಿಂದೋಳು' ಅನ್ನೋ ಹೆಸರು ಇವಳಿಗೆ ಅಂಟಿಕೊಂಡ್ರೆ? ಹೋಗಿ ಕೂತ್ಕೊ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಆಡಿದ್ದು ಬೇರೆ.

"ಕೈ ತೆಗೀರಿ ಅತ್ತೆ. ಮುಟ್ಟಾಗದೆ ಇದ್ದಿದ್ರೆ ನೀವು ನಿಮ್ಮ ಮಗನ್ನ ಹೆರ್ತಿದ್ರಾ? ಬಾ ಮಗ ಒಳಕ್ಕೆ."

ಅತ್ತೆ ಬಾಯಿ ತೆರೆಯೋಕೆ ಮುಂಚೆ, ಕೂಲಿಯೋರಲ್ಲಿ ಒಬ್ಬಳು ತಟ್ಟೆಯಿಂದ ಕಣ್ಣು ಎತ್ತದೆ ಅಂದ್ಲು, "ಅವ್ವೋ, ನಂಗೂ ಇವತ್ತು ಮೂರನೇ ದಿನ. ಬ್ಯಾಡ ಅಂದ್ರೆ ಎದ್ದೋಯ್ತೀನಿ. ಇನ್ನೂ ಇಷ್ಟು ತಟ್ಟೆ ಬಿದ್ದವೆ, ನೋಡ್ಕೊ."

ಉಳಿದಿಬ್ಬರು ಕಿಸಕ್ಕಂತ ನಕ್ಕರು. "ಅಯ್ಯೋ ಶಿವನೇ!" ಅಂತ ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತ್ರು. ಮಗಳು ಪಕ್ಕದಿಂದ ದಾಟಿ ಒಳಗೆ ಬಂದು ತಟ್ಟೆಗೆ ಕೈ ಹಾಕಿದ್ಲು. ಸಂಜೆಯೊಳಗೆ ಕೊನೇ ಹುಳವೂ ಚಂದ್ರಿಕೆ ಸೇರ್ತು.

ಗೂಡು ಬಿಡಿಸೋವರೆಗೆ ಅತ್ತೆ ಯಾರ ಹತ್ರಾನೂ ಸರಿಯಾಗಿ ಮಾತಾಡಲಿಲ್ಲ. ಬಿಡಿಸೋ ದಿನ ನೋಡಿದ್ರೆ ಗೂಡು ಹಳದಿಗೆ, ಒತ್ತಿದ್ರೆ ಗಟ್ಟಿಯಾಗಿ ಚೆನ್ನಾಗೇ ಇದ್ದವು. ಆದ್ರೆ ಬಿಸಿಲು ಬೀಳೋ ಗೋಡೆ ಕಡೆ ಎರಡು ಚಂದ್ರಿಕೆಯ ಹುಳ ಪೂರ್ತಿ ಕಪ್ಪಾಗಿ ಸತ್ತುಹೋಗಿದ್ವು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಇಣುಕಿ ನೋಡಿದ್ಲು. ಕಣ್ಣು ಸೀದಾ ನನ್ನ ಮಗಳ ಮೇಲೆ. "ಇದೇನ್ರವ್ವ ಹಿಂಗಾಗೈತೆ? ಯಾರಾದ್ರೂ ಒಳಗೆ ಬಂದಿದ್ರಾ?"

ಮಗಳು ತಲೆ ಎತ್ತಿಕೊಂಡೇ ನಿಂತಿದ್ಲು. ಅವಳು ಬಾಯಿ ಬಿಡೋದ್ರೊಳಗೆ ಅತ್ತೆ ಮುಂದಕ್ಕೆ ಬಂದ್ರು.

"ಬಂದಿದ್ಲು ಕಣೆ, ನನ್ನ ಮೊಮ್ಮಗಳು. ಹೊರಗಾಗಿದ್ಲು, ಗೊತ್ತಿದ್ದೇ ಒಳಕ್ಕೆ ಬಿಟ್ಕೊಂಡೆ. ಬಿಸಿಲಿಗೆ ಎರಡು ಚಂದ್ರಿಕೆ ಹೋದ್ವು. ಅವಳು ಕೈ ಹಾಕ್ದೆ ಇದ್ದಿದ್ರೆ ಎಲ್ಲಾ ಹೋಗೋದು."

ಬಿಟ್ಕೊಂಡ್ರಂತೆ! ಅಡ್ಡ ನಿಂತಿದ್ದೋರೇ ಇವರು! ನನಗೆ ನಗು ಬಂತು, ನಗ್ತಾ ನಗ್ತಾನೇ ಅಳು ಬಂದ್ಬುಡ್ತು. ಈ ಮಾತನ್ನ ನನ್ನ ಪರವಾಗಿ ಯಾರೂ ಆಡಿರಲಿಲ್ಲ. ನನ್ನ ಮಗಳ ಪರವಾಗಿ ಆಡಿದ್ರು.