ಅದು ಹಿಮವಾಗಿರಲಿಲ್ಲ

ರಂಜಕ ಮತ್ತು ಸಾರಜನಕದ ಪರಮಾಣುಗಳು ಉಂಗುರವಾಗಿ ನಿಲ್ಲುವ ನಿರವಯವ ಸಂಯುಕ್ತಗಳ ಕಂಪನಗಳನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಅಳೆದು, ತಣಿದಾಗ ಅವುಗಳ ಹರಳು ಹೇಗೆ ಅವಸ್ಥೆ ಬದಲಿಸುತ್ತದೆಂದು ಮೂವತ್ತನಾಲ್ಕು ವರ್ಷ ಕಣ್ಣಿಟ್ಟು ನೋಡಿದ ಪ್ರಾಧ್ಯಾಪಕಿ, ಶಿಷ್ಯರ ಪಾಲಿನ 'ಮೇಡಂ', ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರಿಗೆ ಸಲ್ಲಬೇಕಾದದ್ದು ಸಂದಿಲ್ಲ. ಅಭಿನಂದನ ಗ್ರಂಥದಲ್ಲಿ ಇದನ್ನು ಹೇಳಬಾರದೆನ್ನುವವರು ಪುಟ ತಿರುಗಿಸಬಹುದು.

ಈ ಸಾಲುಗಳನ್ನು ಬರೆಯುತ್ತಿರುವ ಶಿಷ್ಯೆ ಪ್ರಯೋಗಾಲಯಕ್ಕೆ ಬಂದ ಮೊದಲ ವಾರವೇ, ಬೆಳಕು ಹಾಯಲೆಂದು ಇಟ್ಟಿದ್ದ ಉಪ್ಪಿನ ಹರಳಿನ ಕಿಟಕಿಯನ್ನು ಒದ್ದೆ ಕೈಯಲ್ಲಿ ಹಿಡಿದು ಮಸುಕು ಮಾಡಿದಳು. ಮೇಡಂ ಬೈಯಲಿಲ್ಲ. ಮಧ್ಯಾಹ್ನವೆಲ್ಲ ಕೂತು ತಾವೇ ಉಜ್ಜಿ ಹೊಳಪು ತಂದು, "ಇನ್ನು ಜನ್ಮದಲ್ಲಿ ನೀನು ಒದ್ದೆ ಕೈ ಹಚ್ಚಲ್ಲ ಬಿಡು," ಎಂದರು.

ಅವರದು ಆಮೆಯ ನಡೆ. ಅರ್ಧ ಗಂಟೆಗೆ ಒಂದೇ ಡಿಗ್ರಿ ತಣಿಸುವುದು. ತಳ ಮುಟ್ಟಿದ ಮೇಲೆ ಅಷ್ಟೇ ನಿಧಾನವಾಗಿ ಏರಿಸುವುದು. ಏರಿಸುವ ಪಾಡನ್ನು ಬೇರೆ ಯಾರೂ ಪಡುತ್ತಿರಲಿಲ್ಲ. ಹಾಗೆ ಒಂದು ದಿನ ನಕ್ಷೆಯಲ್ಲಿ ಉಂಗುರದ ಕಂಪನದ ಶಿಖರವೊಂದು ಎರಡಾಗಿ ಸೀಳಿತು. ಏರಿಸುವಾಗ ಏಳು ಡಿಗ್ರಿ ತಡವಾಗಿ ಮತ್ತೆ ಒಂದಾಯಿತು. ಹರಳಿನ ಅವಸ್ಥೆಯೇ ಬದಲಾಗಿತ್ತು.

ವಿಭಾಗದ ಮುಖ್ಯಸ್ಥರು ಆ ನಕ್ಷೆಯನ್ನು ಕನ್ನಡಕ ಕೂಡ ಹಾಕಿಕೊಳ್ಳದೆ ನೋಡಿದರು.

"ಕಿಟಕಿ ಮೇಲೆ ಹಿಮ ಕೂತಿದೆ ಕಣಮ್ಮ. ಒರೆಸಿಕೊಂಡು ಮತ್ತೆ ನೋಡು."

"ಹಿಮಕ್ಕೆ ಆ ಜಾಗದಲ್ಲಿ ಶಿಖರವೇ ಇಲ್ಲ ಸರ್. ಏರಿಸುವಾಗ ತಡವಾಗಿ ಒಂದಾಗಿದೆ, ಇಲ್ಲಿ ನೋಡಿ."

ಅವರು ನೋಡಲಿಲ್ಲ. ಮೇಡಂ ಬರೆದ ಪ್ರಬಂಧ ಮುಖ್ಯಸ್ಥರ ಒಪ್ಪಿಗೆ ಸಿಗದೆ ಮೂರು ವರ್ಷ ಅವರ ಮೇಜಿನ ಖಾನೆಯಲ್ಲಿ ಕೊಳೆಯಿತು. ನಕ್ಷೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಶಿಷ್ಯೆ ತುಟಿಪಿಟಕ್ಕೆನ್ನಲಿಲ್ಲ. ಆ ನಾಚಿಕೆ ಇಂದಿಗೂ ಆರಿಲ್ಲ. ಅಷ್ಟರಲ್ಲಿ ಬೇರೊಂದು ಪ್ರಯೋಗಾಲಯ ಅದನ್ನೇ ಪ್ರಕಟಿಸಿತು. ಆಗ ಮುಖ್ಯಸ್ಥರು ತುಂಬಿದ ಸಭೆಯಲ್ಲಿ, "ಇದನ್ನ ನಾನು ಯಾವತ್ತೋ ಕಂಡಿದ್ದೆ," ಎಂದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತು. ವಿಭಾಗದ ಚರಿತ್ರೆಯಲ್ಲೂ ಹಾಗೇ ಅಚ್ಚಾಯಿತು.

ಈ ಗ್ರಂಥದ ಸಂಪಾದಕರು ಸೌಮ್ಯರು. "ಹಳೇ ಜಗಳ ಇಲ್ಲಿ ಯಾಕೆ? ಆ ಭಾಗ ತೆಗೆದುಬಿಡಿ," ಎಂದರು. ಒಮ್ಮೆ ಬಾಯಿ ಮುಚ್ಚಿದ್ದೇ ಸಾಕಾಗಿತ್ತು. ಶಿಷ್ಯೆ ಕರಡನ್ನು ನೇರವಾಗಿ ಮೇಡಂ ಕೈಗಿಟ್ಟಳು. ಅವರು ಪೂರ್ತಿ ಓದಿ ಪೆನ್ಸಿಲ್ ಕೇಳಿದಾಗ, ಆ ಭಾಗವನ್ನು ಹೊಡೆದೇ ಹಾಕುತ್ತಾರೆಂದು ಅವಳು ಅಂದುಕೊಂಡಳು.

ಅವರು ತಿದ್ದಿದ್ದು ಒಂದೇ ಕಡೆ. "ಏಳಲ್ಲ, ಆರೂವರೆ ಡಿಗ್ರಿ. ಎಷ್ಟೇ ಕೋಪ ಬಂದಿರಲಿ, ಅಂಕಿ ಸರಿ ಇರಬೇಕು."

ಮೇಡಂ ನೂರ್ಕಾಲ ಬಾಳಲಿ. ಇನ್ನೂ ತಣಿಸಿ ನೋಡದ ಹರಳುಗಳು ಅವರ ಕೈ ಸೇರಲಿ. ಮೇಡಂ ತಿದ್ದಿದ್ದು ಕಾಣಲೆಂದೇ ಮೇಲಿನ 'ಏಳು' ಹಾಗೇ ಇದೆ, ಓದುಗರು ಆರೂವರೆ ಎಂದು ತಿದ್ದಿಕೊಳ್ಳಬೇಕು. ಉಳಿದುದನ್ನೆಲ್ಲ ಮೇಡಂ ಓದಿ ಒಪ್ಪಿದ್ದಾರೆ.