ಕೇಳಿಸಿಕೊಳ್ಳದೆ ಹೋದ ಅರಬ್ಬಿ ಕಾವ್ಯದ ಕಥೆ

ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಗ್ಗೆ ಸಿಡ್ನಿಯ ಸೆಂಟ್ರಲ್ ನಿಲ್ದಾಣದಲ್ಲಿ ಮೆಲ್ಬರ್ನ್ ರೈಲು ಹತ್ತಿದೆ. ಹನ್ನೊಂದು ಗಂಟೆಯ ದಾರಿ, ಟಿಕೆಟ್ಟು ನೂರು ಡಾಲರಿಗೆ ತುಸು ಕಡಿಮೆ. ವಿಮಾನವಾದರೆ ಒಂದೂವರೆ ಗಂಟೆ ಸಾಕಿತ್ತು. ಅಷ್ಟು ಬೇಗ ಹೋಗಿ ಮುಟ್ಟುವ ಧೈರ್ಯ ನನಗಿರಲಿಲ್ಲ.

ಹೊರಟಿದ್ದು ನನ್ನ ಹೆಂಡತಿ ಸುಮತಿಗೆ ಅರಬ್ಬಿ ಕಲಿಸಿದ ಸಲ್ಮಾ ಮೇಡಂ ಮನೆಗೆ. ಇರಾಕಿನವರು. ಸಿಡ್ನಿಯಲ್ಲಿ ನಾವಿರುವ ಗಿರಾವೀನ್ ಬಡಾವಣೆಯ ಹತ್ತಿರದ ಲೈಬ್ರರಿಯಲ್ಲಿ ಮೂರು ವರ್ಷ ಪಾಠ ಹೇಳಿ, ಆಮೇಲೆ ಮಗನ ಜೊತೆ ಮೆಲ್ಬರ್ನ್ ಸೇರಿದ್ದರು. ಫೆಬ್ರವರಿಯಲ್ಲಿ ಸುಮತಿ ತೀರಿಕೊಂಡಳು. ಮೊನ್ನೆ ಮೇಡಂ ಫೋನ್ ಮಾಡಿ, "ಅವಳ ಆರು ನೋಟ್‌ಪುಸ್ತಕ ತನ್ನಿ. ಅರಬ್ಬಿ ಸಾಹಿತ್ಯದ ಚರಿತ್ರೆಯನ್ನು ನಿಮ್ಮ ಭಾಷೆಯಲ್ಲಿ ಬರೆಯುತ್ತಿದ್ದಳಲ್ಲ, ಅದನ್ನು ಮುಗಿಸುವವರನ್ನು ಹುಡುಕೋಣ" ಎಂದರು. ತರುತ್ತೇನೆ ಎಂದುಬಿಟ್ಟೆ.

ಪುಸ್ತಕಗಳು ಇರಲಿಲ್ಲ. ಹನ್ನೊಂದನೆಯ ದಿನದ ಕರ್ಮಕ್ಕೆ ಪುರೋಹಿತರೂ ನೆಂಟರೂ ಬರುವವರಿದ್ದರು. ಹಿಂದಿನ ದಿನ ಹಾಲ್ ತೆರವು ಮಾಡುವಾಗ ಮೇಜಿನ ಮೇಲೆ ಅರಬ್ಬಿ ಲಿಪಿ ಕಂಡಿತು. ಬೇರೆ ಧರ್ಮದ ಪ್ರಾರ್ಥನೆ ಇರಬೇಕು, ಯಾರಾದರೂ ನೋಡಿದರೆ ಏನಂದುಕೊಂಡಾರು ಎನಿಸಿ, ಆರನ್ನೂ ರದ್ದಿ ಕಾಗದ ಹಾಕುವ ಹಳದಿ ಮುಚ್ಚಳದ ಬಿನ್ನಿಗೆ ಹಾಕಿದೆ. ಒಂದು ಹಾಳೆ ತಿರುವಿದ್ದರೂ ಸಾಕಿತ್ತು, ಪ್ರತಿ ಸಾಲಿನ ಕೆಳಗೆ ಅವಳ ಕನ್ನಡ ಕಾಣುತ್ತಿತ್ತು. ಏನೋ ಬರೆಯುತ್ತಾಳೆಂದು ಗೊತ್ತಿತ್ತು. ಕ್ಲಾಸಿನ ಹೋಮ್‌ವರ್ಕ್ ಎಂದುಕೊಂಡಿದ್ದೆ.

ಗೋಲ್ಬರ್ನ್ ದಾಟಿದ ಮೇಲೆ ಒಣಹುಲ್ಲಿನ ದಿಬ್ಬಗಳು, ಕುರಿಗಳು. ಮನೆ ಹತ್ತಿರದ ಪೆಂಡಲ್ ಹಿಲ್‌ನ ಹೋಟೆಲಿನಲ್ಲಿ ಕಟ್ಟಿಸಿಕೊಂಡಿದ್ದ ಚಪಾತಿ ಪಲ್ಯ ಮಧ್ಯಾಹ್ನಕ್ಕೆ ತಣ್ಣಗಾಗಿತ್ತು. ಆಲ್ಬರಿಯಲ್ಲಿ ಸಣ್ಣ ಮಳೆ. ಉದ್ದಕ್ಕೂ ಮೇಡಂಗೆ ಹೇಳಬೇಕಾದ ಮಾತನ್ನು ಕಟ್ಟಿ ಕಟ್ಟಿ ಬಿಡಿಸಿದೆ.

ಸಂಜೆ ಮೆಲ್ಬರ್ನ್ ಹೊರವಲಯದ ವೆರಿಬೀಯಲ್ಲಿ ಹಳೆಯ ಸಹೋದ್ಯೋಗಿ ಮಂಜುನಾಥನ ಮನೆಯಲ್ಲಿ ಇಳಿದುಕೊಂಡೆ. ವಿಷಯ ಕೇಳಿ ಅವನು ತಲೆ ಚಚ್ಚಿಕೊಂಡ.

"ಸಾರ್, ಇದ್ದದ್ದು ಇದ್ದಂಗೆ ಹೇಳೋಕೆ ನೀವೇನ್ ಕೋರ್ಟಿಗೆ ಹೋಗ್ತಿದೀರಾ? ಮನೆ ಶಿಫ್ಟ್ ಮಾಡೋವಾಗ ಮಿಸ್ ಆಯ್ತು ಅಂದ್ಬಿಡಿ."

"ನಾವು ಶಿಫ್ಟೇ ಮಾಡಿಲ್ವಲ್ಲೋ."

"ಹಂಗಾದ್ರೆ ರೂಫ್ ಲೀಕ್ ಆಯ್ತು ಅನ್ನಿ. ಈ ದೇಶದಲ್ಲಿ ಮಾರ್ಟ್‌ಗೇಜ್ ಕಟ್ಟೋರ ಮನೆ ಯಾವ್ದು ಸಾರ್ ಲೀಕ್ ಆಗಲ್ಲ?"

ಮರುದಿನ ಬೆಳಗ್ಗೆ ಅವನೇ ಕಾರಿನಲ್ಲಿ ಕರೆದೊಯ್ದ. ಊರಿನ ಉತ್ತರಕ್ಕೆ ಮುಕ್ಕಾಲು ಗಂಟೆಯ ದಾರಿ. ಅವನು ಕಾರಿನಲ್ಲೇ ಉಳಿದ. ಮೇಡಂ ಪುಟ್ಟ ಗಾಜಿನ ಲೋಟದಲ್ಲಿ ಕಪ್ಪು ಚಹಾ, ಖರ್ಜೂರ ತುಂಬಿದ ಬಿಸ್ಕತ್ತು ತಂದಿಟ್ಟು ನನ್ನ ಖಾಲಿ ಕೈ ನೋಡಿದರು. ಚಾವಣಿ ಸೋರಿ ಎಲ್ಲ ನೆನೆದು ಹೋಯಿತು ಎಂದೆ.

ಅವರು ನನ್ನನ್ನೇ ಸಮಾಧಾನ ಮಾಡಿದರು. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಆರಿಸಿಕೊಂಡು ಹೇಳಿದರು: "ನಮ್ಮಲ್ಲೂ ಕಳೆದುಹೋಗಿದ್ದೇ ಹೆಚ್ಚು. ಮೊದಲ ಕಾವ್ಯ ಮರಳುಗಾಡಿನದು. ಬಿಟ್ಟುಹೋದ ಬಿಡಾರದ ಬೂದಿಯ ಮುಂದೆ ನಿಂತು, ಹೊರಟುಹೋದವಳಿಗಾಗಿ ಅಳುವುದರಿಂದ ಕವಿ ಶುರು ಮಾಡುತ್ತಿದ್ದ. ಬರೆದಿಡುವವರು ಇರಲಿಲ್ಲ. ಕವಿಗೆ ಒಬ್ಬ ವಾಚಕ ಇರುತ್ತಿದ್ದ. ಅವನು ಬಾಯಿಪಾಠ ಮಾಡಿ ಮುಂದಿನವರಿಗೆ ದಾಟಿಸುತ್ತಿದ್ದ. ಕಾಗದ, ಬಾಗ್ದಾದಿನ ಅನುವಾದಗಳು, ಗದ್ಯ, ಕಥೆ ಎಲ್ಲ ಆಮೇಲೆ. ಕಾದಂಬರಿಯಂತೂ ನಿನ್ನೆ ಮೊನ್ನೆಯದು." ನನ್ನ ಕಡೆ ವಾಲಿದರು. "ಸುಮತಿಯ ವಾಚಕ ನೀವು. ಊಟವಾದ ಮೇಲೆ ದಿನಾ ನಿಮಗೇ ಮೊದಲು ಓದುತ್ತೇನೆ ಎನ್ನುತ್ತಿದ್ದಳು. ನೆನಪಿದ್ದಷ್ಟು ಹೇಳಿ, ಅಲ್ಲಿಂದ ಕಟ್ಟೋಣ."

ಓದುತ್ತಿದ್ದುದು ನಿಜ. ನಾನು ಫೋನಿನಲ್ಲಿ ಸ್ಕೋರ್ ನೋಡುತ್ತ ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಒಂದು ಸಾಲೂ ನೆನಪಿಗೆ ಬರಲಿಲ್ಲ. ಅವರು ಬಿಳಿಹಾಳೆ ಮುಂದಿಟ್ಟುಕೊಂಡು ಪೆನ್ನು ಹಿಡಿದು ಕಾಯುತ್ತಿದ್ದರು.

"ಮೇಡಂ, ಚಾವಣಿ ಸೋರಲಿಲ್ಲ. ನಾನೇ ಎಸೆದೆ" ಎಂದೆ. ಯಾಕೆ ಎಸೆದೆ ಎಂಬುದನ್ನೂ ಹೇಳಿದೆ.

"ಪ್ರಾರ್ಥನೆಯೇ?" ಅವರ ಹುಬ್ಬು ಮೇಲೇರಿತು. "ಮೊದಲ ಪುಸ್ತಕದಲ್ಲಿ ಒಂಟೆ, ಪ್ರೇಮ. ಮೂರನೆಯದು ಪೂರ್ತಿ ಮದ್ಯ. ನಿಮ್ಮ ಪುರೋಹಿತರಿಗಿಂತ ಮೊದಲು ನಮ್ಮ ಇಮಾಮರೇ ಎಸೆಯುತ್ತಿದ್ದರು, ಪುಣ್ಯಾತ್ಮ!" ಎಂದು ನಕ್ಕರು. ನಾನೂ ನಕ್ಕೆ. ನನ್ನ ನಗು ಕೇಳಿದ್ದೇ ಅವರು ನಗು ನಿಲ್ಲಿಸಿದರು.

"ಕೊನೆಯದು ಶೋಕದ ಹಾಡುಗಳದು" ಎಂದರು. "ಯುದ್ಧದಲ್ಲಿ ಸತ್ತ ಅಣ್ಣತಮ್ಮಂದಿರಿಗಾಗಿ ಅಕ್ಕತಂಗಿಯರು ಕಟ್ಟಿದ್ದು. ಆ ಕಾಲದ ಹೆಂಗಸರಿಂದ ನಮಗೆ ದಕ್ಕಿರುವುದು ಹೆಚ್ಚಾಗಿ ಅದೇ. ಆಸ್ಪತ್ರೆಯಿಂದ ಫೋನಿನಲ್ಲಿ ನನ್ನನ್ನು ಕೇಳಿ ಕೇಳಿ ಬರೆದಳು."

ಆ ದಿನಗಳಲ್ಲಿ ನಾನು ಅವಳ ಮಂಚದ ಪಕ್ಕದಲ್ಲೇ ಕೂತಿರುತ್ತಿದ್ದೆ. ಸುಸ್ತಾಗುತ್ತೆ, ಬರೀಬೇಡ ಎನ್ನುತ್ತಿದ್ದೆ.

ಚಹಾದ ಲೋಟ ಕೆಳಗಿಟ್ಟೆ. ಕ್ಷಮಿಸಿ ಎಂದೆ. ಅವರು ಆ ಬಿಳಿಹಾಳೆಯನ್ನು ಎತ್ತಿ ಒಳಗಿಟ್ಟರು. ಗೇಟಿನವರೆಗೆ ಬಂದರು, ಮತ್ತೆ ಬನ್ನಿ ಎನ್ನಲಿಲ್ಲ.

ಕಾರು ಹೊರಟಾಗ ಹಿಂದಿರುಗಿ ನೋಡಿದೆ. ಮೇಡಂ ಅಲ್ಲೇ ನಿಂತಿದ್ದರು. ತುಟಿ ಆಡುತ್ತಿತ್ತು. ಬೈಯುತ್ತಿದ್ದರೋ, ಅವಳಿಗಾಗಿ ಆ ಹಾಡುಗಳಲ್ಲೊಂದನ್ನು ಹೇಳುತ್ತಿದ್ದರೋ ತಿಳಿಯಲಿಲ್ಲ. ಕಾರಿನ ಗಾಜು ಏರಿಸಿತ್ತು. ಇಳಿಸು ಎಂದು ಮಂಜುನಾಥನಿಗೆ ಹೇಳುವಷ್ಟರಲ್ಲಿ ತಿರುವು ಬಂದುಬಿಟ್ಟಿತು.