ಪೂರ್ಣವಿರಾಮದ ಶೋಶಾಮ್ಮ ಟೀಚರ್

ನಮ್ಮ ಕುಟ್ಟನಾಡಿನ ವಾಚನಾಲಯದಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಇಂಗ್ಲಿಷ್ ಕಲಿಸುವ ಶೋಶಾಮ್ಮ ಟೀಚರಿಗೆ ಇಡೀ ವ್ಯಾಕರಣದಲ್ಲಿ ಪ್ರೀತಿಯಿದ್ದದ್ದು ನೇರವಾಗಿ ಹೇಳುವ ವಾಕ್ಯದ ಮೇಲೆ ಮಾತ್ರ. "ಕೇಳಬೇಡಿ, ಗೋಗರೀಬೇಡಿ, ಇದ್ದದ್ದನ್ನ ಹೇಳಿ ಚುಕ್ಕೆ ಇಡಿ" ಎನ್ನುತ್ತ ಅವರು ಹಲಗೆಯ ಮೇಲೆ ಚುಕ್ಕೆ ಇಡುವ ರಭಸಕ್ಕೆ ದಿನಕ್ಕೊಂದು ಸೀಮೆಸುಣ್ಣ ಮುರಿಯುತ್ತಿತ್ತು. ಮೀನಿನವನ ಹತ್ತಿರವೂ ಚೌಕಾಸಿಯಿಲ್ಲ, "ಈ ಕರಿಮೀನು ನಿನ್ನೇದು. ನನಗೆ ಬೇಡ" ಎಂದರೆ ಅವನೇ ಬುಟ್ಟಿ ಮುಚ್ಚಿಕೊಳ್ಳುತ್ತಿದ್ದ. ಅವರನ್ನು ಗೋಳಾಡಿಸಿದವಳೆಂದರೆ ನಮ್ಮ ಜೊತೆ ಕಲಿಯುತ್ತಿದ್ದ ಅರುವತ್ತರ ತಂಕಮಣಿ. ಅವಳ ಪ್ರತಿ ವಾಕ್ಯವೂ 'ನನ್ನ ಗಂಡ ಹೇಳುತ್ತಾರೆ' ಎಂದೇ ಶುರುವಾಗುತ್ತಿತ್ತು; 'ನನ್ನ ಗಂಡ ಹೇಳುತ್ತಾರೆ, ನನಗೆ ಹಲಸಿನಹಣ್ಣು ಇಷ್ಟ' ಅನ್ನೋ ಹಾಗೆ. "ಹಲಸಿನಹಣ್ಣು ಇಷ್ಟ ಯಾರಿಗೆ, ಚೇಚಿ?" ಎಂದು ಟೀಚರ್ ಆ ಅಕ್ಕನನ್ನು ಕೇಳುತ್ತಿದ್ದರು. "ನಂಗೇ ಟೀಚರೇ." "ಮತ್ತೆ ಅವರ್ಯಾಕೆ ವಾಕ್ಯದೊಳಗೆ ಬಂದು ಕೂತಿದಾರೆ? ಹೊರಗೆ ಕಳಿಸಿ!" ನಾವೆಲ್ಲ ನಗುತ್ತಿದ್ದೆವು, ತಂಕಮಣಿಯೂ ನಗುತ್ತಿದ್ದಳು, ಮರುದಿನ ಗಂಡ ಮತ್ತೆ ಹಾಜರು. ಮೂರು ತಿಂಗಳಾದ ಮೇಲೆ ಒಂದು ಸಂಜೆ ಅವಳು ತಾನಾಗಿ ಎದ್ದು ಹೋಗಿ, ಹಲಗೆಯ ಮೇಲೆ ಇಂಗ್ಲಿಷಿನಲ್ಲಿ 'ನನಗೆ ಈಜಲು ಬರುತ್ತದೆ' ಎಂದು ಬರೆದು ಚುಕ್ಕೆ ಇಟ್ಟಳು. "ನಿಜವಾ?" ಎಂದರು ಟೀಚರ್. "ಎಂಟು ವರ್ಷದವಳಿದ್ದಾಗಿಂದ ಬರುತ್ತೆ. ಯಾರೂ ಕೇಳೇ ಇರಲಿಲ್ಲ." ನಮ್ಮ ಚಪ್ಪಾಳೆ ನಿಲ್ಲುವವರೆಗೂ ಟೀಚರ್ ಆ ವಾಕ್ಯವನ್ನೇ ನೋಡುತ್ತಿದ್ದರು. ಆಮೇಲೆ, ಐವತ್ತು ವರ್ಷ ಹೊಳೆಯ ದಂಡೆಯಲ್ಲೇ ಬದುಕಿದ ಟೀಚರೇ ಮೆಲ್ಲಗೆ, "ನನಗೆ ಬರಲ್ಲ. ನೀರು ಅಂದ್ರೆ ಭಯ" ಎಂದರು. ಈಗ ಭಾನುವಾರಗಳಲ್ಲಿ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹೊಳೆಯ ಮೆಟ್ಟಿಲ ಕಡೆಯಿಂದ ತಂಕಮಣಿಯ ಗಟ್ಟಿ ದನಿ ಕೇಳುತ್ತದೆ: "ಮೆಟ್ಟಿಲು ಬಿಡಿ ಟೀಚರೇ. ನಿಮ್ಮನ್ನ ನಾನು ಹಿಡ್ಕೊಂಡಿದೀನಿ."